ನನ್ನ ಆಕ್ಷೇಪ ಬರ್ಕೊಳ್ಳಿ

ಆ ಸಂಜೆ ಶಾರ್ಜಾದ ಪಕ್ಕದ ಅಲ್ ನಹ್ದಾದ ನಮ್ಮ ಮನೆಯ ಹಾಲಿನಲ್ಲಿ ಇದ್ದವರು ಇವರು: ಸೋಫಾದ ಒಂದು ತುದಿಗೆ ನಮ್ಮನೆಯವರು, ರಿಮೋಟು ಹಿಡಿದುಕೊಂಡು, ಇನ್ನೊಂದು ತುದಿಗೆ ಹಮೀದಾಕ, ದೇರಾದಲ್ಲಿ ಮಸಾಲೆ ಸಾಮಾನಿನ ಸಗಟು ಅಂಗಡಿ ಇಟ್ಟವರು, ಮೊಬೈಲು ಹಿಡಿದುಕೊಂಡು, ಇಬ್ಬರ ನಡುವೆ, ರಾಸ್ ಅಲ್ ಖೋರ್‌ನ ಗ್ಯಾರೇಜಿನಿಂದ ನೇರ ಬಂದಿದ್ದ ಭಾವ, ಏನನ್ನೂ ಹಿಡಿದುಕೊಳ್ಳದೆ, ಎರಡೂ ಅಂಗೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು. ನೆಲದ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವಳು ಅವರ ಮಗಳು. ನಾನು ಅಡಿಗೆಮನೆಯ ಬಾಗಿಲಲ್ಲಿ. ಅಕ್ಕ ಮಾತ್ರ ಕೂತಿರಲಿಲ್ಲ. ಅಕ್ಕ ಕೂತದ್ದನ್ನು ನಮ್ಮ ಮನೆಯ ಸೋಫಾ ಕಂಡೇ ಇಲ್ಲ. ಅವರು ಊಟದ ಮೇಜಿನ ಮೇಲೆ ಜಮಖಾನ ಮಡಿಸಿ ಹಾಸಿ ನಮ್ಮ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದರು.

ಹಾಕಿಕೊಡಿ ಎಂದು ಯಾರೂ ಕೇಳಿದ್ದಲ್ಲ. ಮನಸ್ಸು ಕುದಿಯತೊಡಗಿತೆಂದರೆ ಅಕ್ಕನ ಕೈಗೆ ಇಸ್ತ್ರಿಪೆಟ್ಟಿಗೆ ಬೇಕು. ಅಂದು ಷರ್ಟುಗಳು ಮುಗಿದು, ಸೀರೆಗಳು ಮುಗಿದು, ದಿಂಬಿನ ಚೀಲಗಳೂ ಮುಗಿದು, ಕೊನೆಗೆ ಕಿಟಕಿಯ ಪರದೆಯನ್ನೇ ಕಳಚಿ ತಂದಿದ್ದರು. ಬೋಳು ಕಿಟಕಿಯಾಚೆ ಶಾರ್ಜಾದ ಕಡೆ ಹೊರಟ ಕಾರುಗಳು ಕೆಂಪು ದೀಪ ಹಚ್ಚಿಕೊಂಡು ಒಂದರ ಬಾಲಕ್ಕೆ ಒಂದು ಮೂತಿ ತಾಗಿಸಿ ನಿಂತಿದ್ದವು.

ಟಿವಿಯಲ್ಲಿ ಬರುತ್ತಿದ್ದದ್ದು ಬೇರೊಂದು ದೇಶದ ಪಾರ್ಲಿಮೆಂಟು. ಯಾವ ದೇಶ ಎಂದು ಬರೆಯುವುದಿಲ್ಲ, ಚಳಿಯ ದೇಶ ಎಂದಿಟ್ಟುಕೊಳ್ಳಿ. ಅಲ್ಲಿನ ಮಂತ್ರಿ ಒಂದು ಆಜ್ಞೆ ಹೊರಡಿಸಿದ್ದರು: ಮುದುಕರ ಆರೈಕೆಗೆಂದು ಹೊರದೇಶಗಳಿಂದ ಬರುವವರು ಇನ್ನು ಮೇಲೆ ಒಬ್ಬೊಬ್ಬರೇ ಬರಬೇಕು, ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಕರೆತರುವಂತಿಲ್ಲ. ಆ ದೇಶದಲ್ಲಿ ವೀಸಾದ ನಿಯಮಗಳನ್ನು ಮಂತ್ರಿಯೇ ಬರೆದು ಸಭೆಯ ಮುಂದಿಟ್ಟರೆ ಸಾಕಂತೆ, ನಿಯಮ ನಡೆಯುತ್ತದಂತೆ. ಮೇಲ್ಮನೆಯವರಿಗೆ ಇದು ಸರಿಬಂದಿರಲಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಮಂತ್ರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅಕ್ಕನಿಗೆ ಆ ದೇಶದ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತ್ತು. ಆಜ್ಞೆ ಉಳಿದರೆ ಅವರೊಬ್ಬರೇ ಹೋಗಬೇಕು. ಬಿದ್ದುಹೋದರೆ ಮೂವರೂ ಹೋಗಬಹುದು. ನಾವೆಲ್ಲ ಟಿವಿಯ ಮುಂದೆ ಕೂತದ್ದು ಇಷ್ಟಕ್ಕೇ.

ಅಕ್ಕ ಎನ್ನುತ್ತೇನಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಟ್ಟಡಕ್ಕೆಲ್ಲ ಅವರು ಅಕ್ಕ, ಅವರ ಗಂಡ ಭಾವ. ಬಂಟ್ವಾಳದ ಕಡೆಯವರು. ನಾಲ್ಕನೇ ಮಹಡಿಯಲ್ಲಿ ಇನ್ನೆರಡು ಸಂಸಾರಗಳ ಜೊತೆ ಹಂಚಿಕೊಂಡ ಫ್ಲ್ಯಾಟಿನಲ್ಲಿ ಒಂದು ಕೋಣೆ ಅವರದು. ನಾನು ಅವರನ್ನು ಮೊದಲು ಕಂಡದ್ದು ಕೆಳಗೆ ಲಿಫ್ಟಿನ ಮುಂದೆ. ನಮ್ಮ ಕಟ್ಟಡದ ಎರಡು ಲಿಫ್ಟುಗಳಲ್ಲಿ ಒಂದು ಯಾವತ್ತೂ ಕೆಟ್ಟಿರುತ್ತದೆ. ಇನ್ನೊಂದು ಮನಸ್ಸು ಬಂದಾಗ ಓಡುತ್ತದೆ. ನಾವೆಲ್ಲ ತರಕಾರಿ ಚೀಲ, ಮಕ್ಕಳ ಗಾಡಿ ಎಲ್ಲ ಹಿಡಿದು ತೆಪ್ಪಗೆ ನಿಂತಿದ್ದೆವು. ಈ ಊರಿನಲ್ಲಿ ನಾವು ತೆಪ್ಪಗೆ ನಿಲ್ಲುವುದನ್ನು ಚೆನ್ನಾಗಿ ಕಲಿತಿದ್ದೇವೆ. ಅಕ್ಕ ಒಬ್ಬರೇ ಕಟ್ಟಡದ ಕಾವಲುಗಾರನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಇಲ್ಲಿ ಕಾವಲುಗಾರನನ್ನು ನಾತೂರ್ ಎನ್ನುತ್ತಾರೆ. ನಮ್ಮ ನಾತೂರ್ ನೇಪಾಳದವನು, ಸಾಧು ಮನುಷ್ಯ.

"ಮೇರಾ ಆಕ್ಷೇಪ್ ಲಿಖೋ ಭಾಯಿ."

"ಕಿಸ್ಮೆ ಲಿಖೂಂ ದೀದಿ? ಕಿತಾಬ್ ತೋ ನಹೀಂ ಹೈ."

"ಕಿತಾಬ್ ನಹೀಂ ಹೈ ತೋ ದಿಲ್ ಮೇ ಲಿಖೋ. ಲೇಕಿನ್ ಲಿಖೋ!"

ಬರೆಯಲು ಪುಸ್ತಕವಿಲ್ಲದ ಅವನು ಪಾಪ, ಎದೆಯ ಮೇಲೆ ಬೆರಳಿನಿಂದ ಬರೆದ ಹಾಗೆ ಮಾಡಿದ. ಅಕ್ಕ ನನ್ನ ಕಡೆ ತಿರುಗಿ, ನಾನು ಕನ್ನಡದವಳು ಎಂದು ಹೇಗೆ ಗೊತ್ತಾಯಿತೋ, "ದಾಖಲಾಯ್ತಲ್ಲ, ಇನ್ನು ಸಮಾಧಾನ" ಎಂದು ನಕ್ಕು ಮೆಟ್ಟಿಲು ಹತ್ತಿಕೊಂಡು ಹೊರಟುಹೋದರು. ಅವರಿಗೆ ಲಿಫ್ಟು ಬೇಕಿರಲೇ ಇಲ್ಲ. ಕಾಯುವುದು ಅವರ ಜಾಯಮಾನವಲ್ಲ, ಯಾವತ್ತೂ ಮೆಟ್ಟಿಲೇ. ನಿಂತವರ ಪರವಾಗಿ ಒಂದು ಮಾತು ಆಡಿ ಹೋದದ್ದು ಅಷ್ಟೆ.

ನನ್ನ ಆಕ್ಷೇಪ ಬರ್ಕೊಳ್ಳಿ ಎಂಬ ಆ ಮಾತಿನ ಮೂಲ ಆಮೇಲೆ ತಿಳಿಯಿತು. ಊರಿನಲ್ಲಿ ಅಕ್ಕ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದರು. ಮಹಿಳಾ ಮೀಸಲಿಗೆ ಯಾರಾದರೂ ಬೇಕಲ್ಲ ಎಂದು ಇವರನ್ನು ನಿಲ್ಲಿಸಿದ್ದಂತೆ. ಗೆದ್ದು ಹೋಗಿ ಕೂತರೆ ಮೊದಲ ಸಭೆಯಲ್ಲೇ ಅಧ್ಯಕ್ಷರು ಅಂಗನವಾಡಿಯನ್ನು ಹೆದ್ದಾರಿಯ ಆಚೆಗೆ ಸಾಗಿಸುವುದೆಂದು ತಾವೇ ತೀರ್ಮಾನಿಸಿ, ಎಲ್ಲರೂ ಸಹಿ ಹಾಕಿ ಎಂದರಂತೆ. ಅಕ್ಕ ಎದ್ದರು. ಆ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು.

"ನಾನು ಹೇಳಿದೆ, ಸರ್, ನನ್ನ ಆಕ್ಷೇಪ ಉಂಟು, ಬರ್ಕೊಳ್ಳಿ ಅಂತ. ಸೆಕ್ರೆಟರಿ ಹೇಳ್ತಾರೆ, ಅದಕ್ಕೆ ಜಾಗ ಇಲ್ಲಮ್ಮ ಅಂತ. ಜಾಗ ಇಲ್ವಾ? ಹಾಗಾದ್ರೆ ಜಾಗ ಆಗುವವರೆಗೆ ನಾನು ನಿಂತೇ ಇರ್ತೇನೆ ಅಂದೆ. ಚಾ ಬಂತು, ನಿಂತೇ ಕುಡಿದೆ. ಅವಲಕ್ಕಿ ಬಂತು, ನಿಂತೇ ತಿಂದೆ. ಕೊನೆಗೆ ನನ್ನ ಪಕ್ಕದ ಸೀತಕ್ಕ ಎದ್ರು. ಅವರ ಪಕ್ಕದವರು ಎದ್ರು. ಬರ್ದೇ ಬರ್ದ್ರು ಮಾರಾಯ್ರೆ. ಆಮೇಲೆ ಕೈ ಎತ್ತಿಸಿದ್ರು, ಅಧ್ಯಕ್ಷರ ಠರಾವು ಬಿದ್ದೇ ಹೋಯ್ತು. ಅಂಗನವಾಡಿ ಈಗ್ಲೂ ಅಲ್ಲೇ ಉಂಟು, ಬೇಕಾದ್ರೆ ಹೋಗಿ ನೋಡಿ."

ಅವತ್ತಿನಿಂದ ಇರಬೇಕು, ಕೂರುವುದನ್ನೇ ಮರೆತರು. ಉಣ್ಣುವುದು ನಿಂತು, ಫೋನಿನಲ್ಲಿ ಮಾತಾಡುವುದು ಓಡಾಡುತ್ತ, ಮಗಳಿಗೆ ಮಗ್ಗಿ ಹೇಳಿಕೊಡುವುದು ಜಡೆ ಹಾಕುತ್ತ. ಒಂದು ಶುಕ್ರವಾರ ಅವರ ಜೊತೆ ದೇರಾದ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ನಾನು ಮೀನು ತಿನ್ನದವಳು. ಮೂಗು ಮುಚ್ಚಿಕೊಂಡು ನೋಡಲು ಹೋದದ್ದು. ಅಂಜಲ್ ಮೀನು ತೂಗುವಾಗ ಮಾರುವವನು ತಕ್ಕಡಿಯನ್ನು ಬೆರಳಿನಿಂದ ಒತ್ತಿದನೆಂದು ಅಲ್ಲೇ ಆಕ್ಷೇಪ ಎತ್ತಿದರು. ಮಲಬಾರಿನ ಅವನು ಮಲಯಾಳದಲ್ಲಿ, ಇವರು ತುಳುವಿನಲ್ಲಿ ಜಗಳಾಡಿ, ಸುತ್ತಲಿದ್ದ ಬಂಗಾಳಿಗಳು, ಪಠಾಣರು ಎಲ್ಲ ಸೇರಿ ತಮ್ಮ ತಮ್ಮ ಭಾಷೆಯಲ್ಲಿ ಮತ ಹಾಕಿ ಅಕ್ಕನನ್ನು ಗೆಲ್ಲಿಸಿದರು. ಮರು ವಾರವೂ ಅದೇ ಅಂಗಡಿಯಲ್ಲೇ ಕೊಂಡರು. ಅವನು ದೂರದಿಂದಲೇ, "ಚೇಚಿ ಬಂದ್ರು, ಚೇಚಿ ಬಂದ್ರು" ಎಂದು ತನ್ನ ಭಾಷೆಯಲ್ಲಿ ಅಕ್ಕ ಎಂದು ಕರೆಯುತ್ತ ತಕ್ಕಡಿಯಿಂದ ಎರಡೂ ಕೈ ಎತ್ತಿ ತೋರಿಸುತ್ತಿದ್ದ.

ಅಕ್ಕನ ಕೆಲಸ ಏನಪ್ಪಾ ಎಂದರೆ ದೇರಾದ ಒಬ್ಬ ಸಿಂಧಿ ವ್ಯಾಪಾರಿಯ ತಾಯಿಯನ್ನು ನೋಡಿಕೊಳ್ಳುವುದು. ಆ ಅಜ್ಜಿ ಹಾಸಿಗೆ ಹಿಡಿದವರು, ಹಟಮಾರಿ. ಮಾತ್ರೆ ಎಂದರೆ ಬಾಯಿ ಬಿಗಿದುಬಿಡುವವರು. ಒಮ್ಮೆ ನಾನು ಅಲ್ಲಿಗೆ ಅಕ್ಕನಿಗೆ ಬೀಗದ ಕೈ ಕೊಡಲು ಹೋದಾಗ ಕಣ್ಣಾರೆ ಕಂಡೆ. ಅಜ್ಜಿ ತಲೆ ಅಲ್ಲಾಡಿಸುತ್ತಿದ್ದಾರೆ, ಅಕ್ಕ ಅವರ ಕಿವಿಯ ಹತ್ತಿರ ಬಗ್ಗಿ ಹಿಂದಿಯಲ್ಲಿ ಹೇಳುತ್ತಿದ್ದಾರೆ: "ಮಾಜೀ, ನಿಮ್ಮ ವಿರೋಧ ಬರೆದುಕೊಂಡೆ. ಪೂರಾ ಬರೆದುಕೊಂಡೆ. ಈಗ ಬಾಯಿ ತೆಗೆಯಿರಿ." ಅಜ್ಜಿ ಯೋಚಿಸಿ, ತಮ್ಮ ಮರ್ಯಾದೆಗೆ ಕುಂದಿಲ್ಲವೆಂದು ಖಚಿತವಾದ ಮೇಲೆ ಬಾಯಿ ತೆಗೆದರು.

ಆ ಅಜ್ಜಿ ತೀರಿಕೊಂಡದ್ದೇ ಎಲ್ಲ ಅಲುಗಾಡಿತು. ಇಲ್ಲಿ ನಮ್ಮೆಲ್ಲರ ಮನೆ, ಶಾಲೆ, ಸ್ನೇಹ ನಿಂತಿರುವುದು ಪಾಸ್‌ಪೋರ್ಟಿಗೆ ಸೇರಿದ ಒಂದು ವೀಸಾದ ಮೇಲೆ, ವೀಸಾ ನಿಂತಿರುವುದು ಕೆಲಸದ ಮೇಲೆ. ಅಕ್ಕನ ಕೆಲಸ ನಿಂತಿದ್ದದ್ದು ಆ ಅಜ್ಜಿಯ ಉಸಿರಿನ ಮೇಲೆ. ಮಗಳ ವೀಸಾ ಅಕ್ಕನ ಸಂಬಳದ ಆಧಾರದಲ್ಲಿತ್ತು. ಭಾವನ ಸಂಬಳಕ್ಕೆ ಸಂಸಾರ ಇಟ್ಟುಕೊಳ್ಳುವ ಯೋಗ್ಯತೆ ಇಲ್ಲಿನ ಲೆಕ್ಕದಲ್ಲಿ ಇರಲಿಲ್ಲ. ಅಜ್ಜಿಯ ಮಗ ಒಳ್ಳೆಯವರು. ಶಾಲೆಯ ವರ್ಷ ಮುಗಿಯುವವರೆಗೆ ವೀಸಾ ರದ್ದು ಮಾಡುವುದಿಲ್ಲ, ಅಷ್ಟರೊಳಗೆ ದಾರಿ ನೋಡಿಕೊಳ್ಳಿ ಎಂದರು.

ದಾರಿಗಳು ಎರಡು ಕಂಡವು. ಒಂದು, ಆ ಚಳಿಯ ದೇಶ. ಇನ್ನೊಂದನ್ನು ಹುಡುಕಿ ತಂದವರು ಹಮೀದಾಕ. ಅಬುಧಾಬಿಯಲ್ಲಿ ನಮ್ಮ ಕಡೆಯ ಡಾಕ್ಟರ್ ದಂಪತಿ, ವಯಸ್ಸಾದ ತಂದೆಗೆ ಆರೈಕೆಯವರು ಬೇಕು. ಸಂಬಳ ಚೆನ್ನಾಗಿದೆ, ಮಗಳ ವೀಸಾಕ್ಕೂ ಸಾಕಾಗುತ್ತದೆ. ಭಾವನಿಗೆ ಅಲ್ಲೇ ಹತ್ತಿರ ಮುಸಫ್ಫಾದಲ್ಲಿ ಯಾವ ಗ್ಯಾರೇಜಾದರೂ ಸಿಕ್ಕೀತು. ಹಮೀದಾಕನ ಬುದ್ಧಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ.

"ಅಕ್ಕಾ, ಒಂದೂವರೆ ಗಂಟೆ ದಾರಿ. ಅದೇ ಬಿಸಿಲು, ಅದೇ ಕುಬ್ಬೂಸ್ ರೊಟ್ಟಿ. ಯಲ್ಲಾ ಅಂತ ಹೊರಡಿ ನೀವು."

"ಮತ್ತೆ ಆ ಅಜ್ಜನೂ ಹೋದ ಮೇಲೆ ಹಮೀದಾಕ?"

"ಅಲ್ಲಾಹು ಅವರಿಗೆ ಆಯುಸ್ಸು ಕೊಡ್ಲಿ ಅಂತ ದುವಾ ಮಾಡುವ!"

"ನನ್ನ ಮಗಳ ಶಾಲೆಗಾಗಿ ಎಷ್ಟು ಅಜ್ಜಂದಿರ ಆಯುಸ್ಸಿಗೆ ದುವಾ ಮಾಡ್ಲಿಕ್ಕಾಗ್ತದೆ ಹೇಳಿ?"

ಅಕ್ಕನ ಮನಸ್ಸು ಆ ಚಳಿಯ ದೇಶಕ್ಕೆ ಅಂಟಿಕೊಂಡಾಗಿತ್ತು. ಮಗಳು ಅಲ್ಲೇ ಓದಿ ಅಲ್ಲೇ ಬೇರು ಬಿಡಬಹುದು ಎಂಬುದು ಒಂದು. ಇನ್ನೊಂದು ಕಾರಣ ಆಜ್ಞೆಯ ಸುದ್ದಿ ಬಂದ ಮೇಲೆ ಹುಟ್ಟಿಕೊಂಡದ್ದು. ಆ ದೇಶದ ಸಭೆಯ ಚರ್ಚೆಗಳನ್ನು ಮೊಬೈಲಿನಲ್ಲಿ ನೋಡಲು ಶುರುಮಾಡಿದರು. ದೋಸೆ ಹೊಯ್ಯುವಾಗ ಸಕ್ಕರೆ ಡಬ್ಬಿಗೆ ಮೊಬೈಲು ಒರಗಿಸಿಕೊಂಡು, ಮೆಟ್ಟಿಲು ಹತ್ತುವಾಗ ಕಿವಿಗೆ ಸಿಕ್ಕಿಸಿಕೊಂಡು. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು; ಮಿಕ್ಕರ್ಧಕ್ಕೆ ನಮ್ಮನೆಯವರ ಬೆನ್ನು ಹತ್ತುತ್ತಿದ್ದರು. ಅವರಿಗೆ ಅಲ್ಲಿನ ಒಬ್ಬ ಸದಸ್ಯೆಯ ಮೇಲೆ ವಿಶೇಷ ಪ್ರೀತಿ. ಬೆಳ್ಳಿ ಕೂದಲಿನ, ಕೋಲೂರಿ ಏಳುವ ಮುದುಕಿ. "ನೋಡಿ ಮೈಸೂರಿನೋರೆ," ಎಂದು ನನಗೆ ತೋರಿಸುತ್ತಿದ್ದರು, "ನಮ್ಮ ಸೀತಕ್ಕನೇ! ಮಂತ್ರಿ ಎದುರೇ ನಿಂತು ಹೇಳ್ತಾರೆ. ಮಂತ್ರಿ ಬಾಯಿ ಮುಚ್ಚಿ ಕೇಳ್ಬೇಕು. ಇಂಥ ಊರಲ್ಲಿ ನನ್ನ ಮಗಳು ಬೆಳೀಬೇಕು."

ವೃದ್ಧಾಶ್ರಮದ ಪತ್ರ ಬರುವಷ್ಟರಲ್ಲಿ ಆಜ್ಞೆ ಜಾರಿಗೆ ಬರುವ ತಾರೀಖು ದಾಟುವುದು ಖಂಡಿತವಾಗಿತ್ತು. ಉಳಿದದ್ದು ಈ ಒಂದು ಮತದಾನ. ಅಬುಧಾಬಿಯ ಡಾಕ್ಟರೂ ಅದೇ ಸಂಜೆಯೊಳಗೆ ಹೌದೋ ಅಲ್ಲವೋ ಹೇಳಿಬಿಡಿ ಎಂದಿದ್ದರು. ಹಮೀದಾಕ ಮೊಬೈಲು ಹಿಡಿದುಕೊಂಡು ಕೂತಿದ್ದದ್ದು ಅದಕ್ಕೇ.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗಿ ಹಮೀದಾಕ ಕೋಣೆಯೊಳಗೆ ಹೋಗಿ ನಮಾಜು ಮುಗಿಸಿ ಬಂದರು. ಆ ಬೆಳ್ಳಿ ಕೂದಲಿನ ಮುದುಕಿ ಎದ್ದರು. ನಿಧಾನವಾಗಿ, ಒಂದೊಂದೇ ಮಾತು ಆಯ್ದು ಹಾಕಿದಂತೆ ಮಾತಾಡಿದರು. ನಮ್ಮ ತಂದೆತಾಯಿಯರ ಮೈ ತೊಳೆಯಲು ಅವರು ಬೇಕು, ಅವರ ಮಕ್ಕಳು ಮಾತ್ರ ಬೇಡವೇ ಎಂದರು ಎಂದು ನಮ್ಮನೆಯವರು ಕನ್ನಡದಲ್ಲಿ ಹೇಳಿದಾಗ ಅಕ್ಕನ ಕೈ ನಿಂತಿತು. ಪರದೆಯಿಂದ ಸುಟ್ಟ ವಾಸನೆ ಎದ್ದಿತು. ಇವತ್ತಿಗೂ ನಮ್ಮ ಪರದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತಿದೆ.

ಮತ ಹಾಕಿಸಿದರು. ಎಣಿಸಿದರು. ವಿರೋಧಿಸಿದವರ ಪಕ್ಷ ಗೆದ್ದಿತು.

ಅಕ್ಕ ಕಿರುಚಲಿಲ್ಲ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಸೀದಾ ನಮ್ಮ ಅಡಿಗೆಮನೆಗೆ ಹೋಗಿ ಶಾವಿಗೆ ಡಬ್ಬಿ ತೆಗೆದರು. ನನ್ನ ಅಡಿಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಲು ಕಾಯಲಿಟ್ಟು ಅಲ್ಲಿಂದಲೇ ಕೂಗಿದರು: "ಹಮೀದಾಕ, ಆ ಡಾಕ್ಟರಿಗೆ ಹೇಳಿ ಬಿಡಿ. ಬೇಡ ಅಂತ. ಥ್ಯಾಂಕ್ಸ್ ಅಂತಲೂ ಹೇಳಿ."

"ಅಕ್ಕಾ, ಬೆಳಿಗ್ಗೆವರೆಗೆ ನೋಡುವನಾ? ನಾನು ಏನಾದ್ರೂ ಸುಳ್ಳು ಹೇಳಿ ತಡೆಯುತ್ತೇನೆ."

"ಯಾಕೆ? ಸಭೆ ತೀರ್ಮಾನ ಆದ ಮೇಲೆ ಬೆಳಿಗ್ಗೆ ಎಂಥದ್ದು? ಅವರ ಅಪ್ಪನಿಗೂ ಆಳು ಬೇಕಲ್ಲ, ಕಾಯಿಸ್ಲಿಕ್ಕಾಗ್ತದಾ?"

ಹಮೀದಾಕ ಭಾವನ ಮುಖ ನೋಡಿದರು. ಭಾವ ಜಜ್ಜಿಹೋದ ಕಾರುಗಳ ತಗಡು ತಟ್ಟಿ ಸರಿಮಾಡುವವರು; ದಿನವಿಡೀ ಸುತ್ತಿಗೆಯ ಸದ್ದಿಗೆ ಕಿವಿ ಮಂದವಾಗಿದೆ ಎಂದು ಎಲ್ಲರೂ ತಿಳಿದಿದ್ದೆವು. ಅವರು ಮೊಣಕಾಲುಗಳ ನಡುವಿನ ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು. ಹಮೀದಾಕ ಬಾಲ್ಕನಿಗೆ ಹೋಗಿ ಫೋನು ಮಾಡಿದರು. ನಾವು ಪಾಯಸ ಕುಡಿದೆವು. ಅಕ್ಕ ಒಂದು ಲೋಟ ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ ನಾತೂರ್‌ಗೂ ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ನಮ್ಮನೆಯವರು ಆಫೀಸಿಗೆ ಹೊರಡುವ ಮೊದಲು ಆ ದೇಶದ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಓದುತ್ತಿದ್ದರು. ಓದುತ್ತ ಓದುತ್ತ ಕಾಫಿ ಆರಿಹೋಯಿತು. "ಇದು ಹಂಗಲ್ವಲ್ಲೇ," ಎಂದರು ನನಗೆ. ಅಷ್ಟರಲ್ಲಿ ಅಕ್ಕನೇ ಬಂದರು, ಮುಂದಿನ ಕೆಲಸ ಏನೆಂದು ಕೇಳಲು.

"ಸರ್, ಠರಾವು ಪಾಸಾಯ್ತಲ್ಲ. ಇನ್ನು ಮಂತ್ರಿ ಎಷ್ಟು ದಿನದಲ್ಲಿ ಆಜ್ಞೆ ವಾಪಸ್ ತಗೊಳ್ಬೇಕು?"

ನಮ್ಮನೆಯವರು ಅವರನ್ನು ಕೂರಿ ಎಂದರು. ಅಕ್ಕ ಕೂರಲಿಲ್ಲ. ನಿಂತೇ ಕೇಳಿಸಿಕೊಂಡರು. ಆ ಸಭೆ ಪಾಸು ಮಾಡಿದ್ದು ವಿಷಾದದ ನಿರ್ಣಯ. ಮಂತ್ರಿ ಹೊರಡಿಸಿದ ಆಜ್ಞೆಯ ಬಗ್ಗೆ ಸಭೆಗೆ ವಿಷಾದವಿದೆ ಎಂದು ದಾಖಲಾಗುತ್ತದೆ, ಅಷ್ಟೆ. ಆಜ್ಞೆ ಆಜ್ಞೆಯಾಗಿಯೇ ಇರುತ್ತದೆ. ಅದನ್ನು ರದ್ದು ಮಾಡುವ ಇನ್ನೊಂದು ಬಗೆಯ ಠರಾವು ಇದೆಯಂತೆ, ಅದನ್ನು ಯಾರೂ ತರಲಿಲ್ಲ, ತರುವ ರೂಢಿಯೇ ಇಲ್ಲವಂತೆ.

ಅಕ್ಕ ಕೇಳಿದರು, "ವಿಷಾದಕ್ಕೆ ಮತ ಯಾಕೆ ಸರ್?"

ನಮ್ಮನೆಯವರು ಏನೋ ಹೇಳಹೊರಟರು.

"ಅಲ್ಲ, ಸತ್ತ ಮನೆಗೆ ಹೋಗಿ ಕೈ ಎತ್ತಿಸ್ತಾರಾ, ಬೇಜಾರು ಉಂಟು ಅನ್ನುವವರು ಎಷ್ಟು ಜನ, ಇಲ್ಲ ಅನ್ನುವವರು ಎಷ್ಟು ಜನ ಅಂತ? ಅಷ್ಟು ದೊಡ್ಡ ಸಭೆ. ಅಷ್ಟು ದೊಡ್ಡ ದೀಪಗಳು. ಆ ಮುದುಕಿ ಕೋಲೂರಿಕೊಂಡು ಎದ್ದದ್ದು ಇದಕ್ಕಾ?"

ಹೇಳುತ್ತ ಹೇಳುತ್ತ ಹಾಲಿನ ಈ ತುದಿಯಿಂದ ಆ ತುದಿಗೆ ನಡೆಯಲು ಶುರುಮಾಡಿದರು. ನಾನು ಸುಮ್ಮನೆ ಇಸ್ತ್ರಿಪೆಟ್ಟಿಗೆ ತಂದು ಮೇಜಿನ ಮೇಲಿಟ್ಟೆ. ಅದರ ಕಡೆ ನೋಡಲೂ ಇಲ್ಲ.

ಹಮೀದಾಕ ಅಬುಧಾಬಿಗೆ ಮತ್ತೆ ಫೋನು ಹಚ್ಚಿದರು. ಡಾಕ್ಟರು ಸೌಜನ್ಯದಿಂದಲೇ ಹೇಳಿದರಂತೆ, ರಾತ್ರಿಯೇ ಇನ್ನೊಬ್ಬರಿಗೆ ಮಾತು ಕೊಟ್ಟಾಯಿತು. "ಖಲಾಸ್ ಅಕ್ಕಾ," ಎಂದು ಹಮೀದಾಕ ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕನೇ ಅವರನ್ನು ಸಮಾಧಾನ ಮಾಡಿದರು.

ಮುಂದಿನ ವಾರಗಳು ಹೇಗೆ ಕಳೆದವೋ. ಅಕ್ಕ ಮೆಟ್ಟಿಲ ಮೇಲೇ ಸಿಗುತ್ತಿದ್ದರು. ಹತ್ತುತ್ತಿದ್ದಾರೋ ಇಳಿಯುತ್ತಿದ್ದಾರೋ ಅವರಿಗೇ ತಿಳಿಯದ ಹಾಗೆ. ಶಾರ್ಜಾದಲ್ಲಿ ಒಂದು ಕಡೆ ಕೇಳಿದರು, ಕರಾಮಾದ ಕ್ಲಿನಿಕ್ಕಿನಲ್ಲಿ ಕೇಳಿದರು. ಮಗಳಿಗೂ ವೀಸಾ ಆಗುವಂಥ ಕೆಲಸ ಸಿಗಲಿಲ್ಲ. ಶಾಲೆಯ ಪರೀಕ್ಷೆಗಳು ಶುರುವಾದವು. ಲಿಫ್ಟು ಪೂರ್ತಿ ಕೆಟ್ಟು ಕೂತರೂ ಅಕ್ಕ ನಾತೂರ್‌ಗೆ ಒಂದು ಮಾತು ಹೇಳಲಿಲ್ಲ. ಅವನೇ ನನ್ನನ್ನು ತಡೆದು ಕೇಳಿದ, ದೀದಿಗೆ ಹುಷಾರಿಲ್ಲವೇ ಎಂದು.

ಆಮೇಲೊಂದು ಸಂಜೆ ಎಲ್ಲರನ್ನೂ ನಮ್ಮ ಹಾಲಿಗೇ ಕರೆದರು. ಅದೇ ಜನ, ಅದೇ ಸೋಫಾ. ಪರದೆ ಮತ್ತೆ ಕಿಟಕಿಗೆ ಏರಿತ್ತು. ಅಕ್ಕ ನಿಂತು, ಓದಿದಂತೆ ಹೇಳಿದರು: ವೃದ್ಧಾಶ್ರಮದ ಪತ್ರ ಬಂದಿದೆ. ತಾನು ಒಬ್ಬಳೇ ಹೋಗುವುದು. ಮಗಳು ಊರಿನಲ್ಲಿ, ಬಿ.ಸಿ.ರೋಡಿನ ಚಿಕ್ಕಮ್ಮನ ಮನೆಯಲ್ಲಿ ಓದುವುದು. ಭಾವ ಇಲ್ಲೇ ದೇರಾದಲ್ಲಿ ಹಂಚಿಕೊಂಡ ಕೋಣೆಯಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದು ಗ್ಯಾರೇಜಿಗೆ ಹೋಗುವುದು. ಆ ದೇಶದಲ್ಲಿ ಚುನಾವಣೆ ಬರಲಿದೆ, ಮಂತ್ರಿ ಬದಲಾದರೆ ನಿಯಮವೂ ಬದಲಾದೀತು, ಆಗ ಇಬ್ಬರನ್ನೂ ಕರೆಸಿಕೊಳ್ಳುವುದು. "ಆಯ್ತಲ್ಲ?" ಎಂದರು.

"ಆಗ್ಲಿಲ್ಲ," ಎಂದರು ಭಾವ.

ನಾವು ಬೆಚ್ಚಿದೆವು. ಆ ಮನುಷ್ಯ ನಮ್ಮ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ನಂದೊಂದು ಆಕ್ಷೇಪ ಉಂಟು. ಬರ್ಕೊ."

ಅಕ್ಕ ಗಂಡನನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. "ಎಲ್ಲಿ ಬರೀಲಿ ಮಾರಾಯ್ರೆ?"

"ಎಲ್ಲಿ ಬೇಕಾದ್ರೂ ಬರಿ. ಮೂರು ಜನ ಮೂರು ಕಡೆ ಆಗ್ಲಿಕ್ಕೆ ನನ್ನ ಒಪ್ಪಿಗೆ ಇಲ್ಲ. ಊರಿಗೆ ಹೋಗುವ. ಗಂಜಿ ಕುಡಿದ್ರೂ ಒಟ್ಟಿಗೆ ಕುಡಿಯುವ. ನೀನು ಅಬುಧಾಬಿ ಬೇಡ ಅಂದಾಗ ನನ್ನ ಹತ್ರ ಕೇಳಿದ್ದಾ? ಪಾಯಸಕ್ಕೆ ದ್ರಾಕ್ಷಿ ಹಾಕ್ಲಾ ಅಂತ ಕೇಳಿದ್ದಿ, ಅಷ್ಟೆ."

ನೆಲದ ಮೇಲಿಂದ ಮಗಳು ತಲೆ ಎತ್ತಿದಳು. "ಐ ಆಲ್ಸೋ ಆಬ್ಜೆಕ್ಟ್, ಅಮ್ಮಾ."

ಇಸ್ತ್ರಿ ಇರಲಿಲ್ಲ, ಪಾತ್ರೆ ಇರಲಿಲ್ಲ. ಅಕ್ಕನ ಕೈಗಳಿಗೆ ಮಾಡಲು ಏನೂ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಎರಡು ವಿರೋಧ. ಒಂದು ಪರ," ಎಂದರು ಕೊನೆಗೆ. "ಬರ್ಕೊಂಡೆ. ಪೂರಾ ಬರ್ಕೊಂಡೆ. ಆದ್ರೆ ಹೋಗ್ತೇನೆ."

ನಮ್ಮನೆಯವರಿಗೆ ನಾಲಿಗೆ ತಡೆಯುವುದು ಗೊತ್ತಿಲ್ಲ. "ಅಕ್ಕಾ, ಈಗ ನೀವೇ ಮಂತ್ರಿಯಾದಿರಿ ಕಣ್ರೀ," ಎಂದುಬಿಟ್ಟರು.

ನಾನು ಅವರತ್ತ ಕಣ್ಣು ಕೆಂಪಗೆ ಮಾಡಿದೆ. ಅಕ್ಕನಿಗೆ ಸಿಟ್ಟು ಬರಲಿಲ್ಲ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಳ್ಳುತ್ತ, "ಹೌದು ಸರ್. ಮಂತ್ರಿಗೂ ರಾತ್ರಿ ನಿದ್ದೆ ಬರ್ತದಾ ಇಲ್ವಾ ಅಂತ ಈಗ ಗೊತ್ತಾಗ್ತಾ ಉಂಟು," ಎಂದು ಮೆಟ್ಟಿಲಿಳಿದು ಹೋದರು.

ಹೋದರು ಅಂದಮೇಲೆ ಹೋದರು. ಏರ್‌ಪೋರ್ಟಿನಲ್ಲಿ ಎಲ್ಲರೂ ಅಳುತ್ತಿದ್ದರೆ ಅಕ್ಕ ಮಾತ್ರ ಮಗಳ ಜಡೆ ಬಿಚ್ಚಿ ಮತ್ತೆ ಹಾಕಿದರು, ಅದು ಸರಿಯಾಗಿಲ್ಲವೆಂದು ಇನ್ನೊಮ್ಮೆ ಬಿಚ್ಚಿ ಹಾಕಿದರು. ಭಾವ ಒಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ: ಮಗಳನ್ನು ಒಬ್ಬಳನ್ನೇ ಊರಿಗೆ ಕಳಿಸಲಿಲ್ಲ. ತಮ್ಮ ವೀಸಾವನ್ನೂ ರದ್ದು ಮಾಡಿಸಿ ಜೊತೆಗೆ ಹೋದರು. ಬಿ.ಸಿ.ರೋಡಿನಲ್ಲಿ ಹಮೀದಾಕನ ತಮ್ಮನ ಗ್ಯಾರೇಜು ಇದೆ, ಅಲ್ಲೇ ತಗಡು ತಟ್ಟುತ್ತೇನೆ ಎಂದರು. ಅವರು ಹೊರಟ ವಾರದಲ್ಲಿ ನಮ್ಮ ಕಟ್ಟಡಕ್ಕೆ ಹೊಸ ಲಿಫ್ಟು ಕೂರಿಸಲು ಜನ ಬಂದರು. ನಾತೂರ್ ಅದರ ಫೋಟೋ ತೆಗೆದು, ದೀದಿಗೆ ಕಳಿಸಿ ಎಂದು ನನ್ನ ಮೊಬೈಲಿಗೆ ಹಾಕಿದ.

ಚಳಿಯ ದೇಶದಿಂದ ಅಕ್ಕ ಫೋನು ಮಾಡುತ್ತಿದ್ದರು, ಓಡಾಡುತ್ತಲೇ. ಹಿನ್ನೆಲೆಯಲ್ಲಿ ಒಮ್ಮೆ ಬಸ್ಸು, ಒಮ್ಮೆ ಗಾಳಿ, ಒಮ್ಮೆ ಯಾವುದೋ ಮುದುಕರ ಕೆಮ್ಮು. ಒಂದು ರಜೆಯ ದಿನ ರೈಲು ಹತ್ತಿ ಆ ಸಭೆಯನ್ನೇ ನೋಡಿ ಬಂದರಂತೆ. ಮೇಲೆ ಸಾರ್ವಜನಿಕರು ಕೂರುವ ಜಾಗವಿದೆಯಂತೆ. "ಕೂತ್ರಾ ಅಕ್ಕ?" ಎಂದೆ. "ಕೂತ್ಕೊಳ್ಳೇಬೇಕಂತೆ, ನಿಂತ್ರೆ ಹೊರಗೆ ಹಾಕ್ತಾರಂತೆ," ಎಂದರು. "ಅವತ್ತು ಚರಂಡಿ ನೀರಿನ ಚರ್ಚೆ. ಅರ್ಧ ಜನ ನಿದ್ದೆ. ನಮ್ಮ ಪಂಚಾಯ್ತಿಯಲ್ಲಿ ಚಾ ಆದ್ರೂ ಕೊಡ್ತಿದ್ರು." ಆ ಬೆಳ್ಳಿ ಕೂದಲಿನ ಮುದುಕಿ ಕಾಣಲಿಲ್ಲವಂತೆ.

ಚುನಾವಣೆ ಬಂತು. ಮಂತ್ರಿ ಬದಲಾದರು. ನಿಯಮ ಹಾಗೇ ಉಳಿಯಿತು.

ಮಗಳು ಊರಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳ ನಡುವೆ ಬೆರೆತಳು. ಒಂದು ದಿನ ವಿಡಿಯೋದಲ್ಲಿ, "ಅಮ್ಮ, ನೀವು ಬರುವುದು ಯಾವಾಗ? ಅಪ್ಪನಿಗೆ ಜಡೆ ಹಾಕ್ಲಿಕ್ಕೆ ಬರುವುದಿಲ್ಲ, ಕೂದಲು ಕತ್ತರಿಸಿ ಬಿಡುವ ಅಂತಾರೆ" ಎಂದು ಅಚ್ಚ ಬಂಟ್ವಾಳದ ಕನ್ನಡದಲ್ಲಿ ದೂರು ಕೊಟ್ಟಳಂತೆ. ಇದನ್ನು ನನಗೆ ಹೇಳುವಾಗ ಅಕ್ಕನ ಹೆಜ್ಜೆಯ ಸದ್ದು ನಿಂತಿತ್ತು. ಎಲ್ಲೋ ಕೂತಿದ್ದರೆಂದು ತೋರುತ್ತದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಅವರು ಭಾವನಿಗೆ ಫೋನು ಮಾಡಿ ಒಂದೇ ಮಾತು ಹೇಳಿದರಂತೆ: "ನಿಮ್ಮ ಆಕ್ಷೇಪ ಮಂಜೂರಾಯ್ತು."

ವೃದ್ಧಾಶ್ರಮದಲ್ಲಿ ಕೊನೆಯ ದಿನ ಚಹಾಕೂಟ ಇಟ್ಟಿದ್ದರು. ಮ್ಯಾನೇಜರಮ್ಮ ಎದ್ದು, ನೀವು ಬಿಟ್ಟುಹೋಗುತ್ತಿರುವುದಕ್ಕೆ ನಮಗೆಲ್ಲ ತುಂಬಾ ವಿಷಾದವಿದೆ ಎಂದರು. ಅಕ್ಕ ನಿಂತೇ ಇದ್ದರು. "ಹಾಗಾದ್ರೆ ಮತಕ್ಕೆ ಹಾಕಿ ಮೇಡಂ," ಎಂದರು. ತಮಾಷೆಯೆಂದು ತಿಳಿದು ಅಜ್ಜ ಅಜ್ಜಿಯರೆಲ್ಲ ತಮ್ಮ ತಮ್ಮ ಗಾಲಿಕುರ್ಚಿಗಳಲ್ಲಿ ಕೈ ಎತ್ತಿದರು. ಬಲಗೈ ಬಾರದ ಒಬ್ಬ ಅಜ್ಜಿಯ ಎಡಗೈಯನ್ನು ಅಕ್ಕನೇ ಹಿಡಿದು ಎತ್ತಿದರು. ವಿರೋಧ ಯಾರದೂ ಇರಲಿಲ್ಲ. ನಿರ್ಣಯ ಪಾಸಾಯಿತು.

ಮರುದಿನ ಅಕ್ಕ ವಿಮಾನ ಹತ್ತಿದರು. ಮಂಗಳೂರಿನ ಏರ್‌ಪೋರ್ಟಿನಲ್ಲಿ ಭಾವನೂ, ಉದ್ದ ಕೂದಲನ್ನು ಹೇಗೋ ಗಂಟು ಹಾಕಿಕೊಂಡ ಮಗಳೂ ಕಾಯುತ್ತಿದ್ದರು.